ಗಡಸು ಬೋರ್ ನೀರಿನಲ್ಲಿ ಗಿಡ-ಮೀನಿನ ಟ್ಯಾಂಕ್: ಶಿಡ್ಲಘಟ್ಟದ ಪ್ರಶ್ನೆಗೆ ಉತ್ತರ

ಶಿಡ್ಲಘಟ್ಟ ಕಡೆಯಿಂದ ಬರೆದಿರುವ ಅಣ್ಣ ಕೇಳಿದ್ದು ಇಷ್ಟು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್. ತೋಟದ ಬೋರ್ ನೀರು, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) 900. ನೀರು ತುಂಬಿಸಿದ ಮಾರನೇ ದಿನವೇ ಬೆಂಗಳೂರಿನಿಂದ ಹನ್ನೆರಡು ನಿಯಾನ್ ಟೆಟ್ರಾ, ಎರಡು ಏಂಜೆಲ್ ತಂದು ಬಿಟ್ಟರು. ಐದು ದಿನದಲ್ಲಿ ಒಂದೂ ಉಳಿಯಲಿಲ್ಲ, ಗಿಡದ ಎಲೆಯೆಲ್ಲ ಕರಗಿ ಲೋಳೆಯಾಯಿತು. ಅವರಿಗೆ ಉತ್ತರವಾಗಿ ಒಬ್ಬರು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಇಳಿಸುವ ಪುಡಿ ಹಾಕಿ ಅಂದಿದ್ದಾರೆ, ಇನ್ನೊಬ್ಬರು ಮೀನೇ ರೋಗದ್ದು ಅಂದಿದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ಅಣ್ಣ, ಮೀನು ಸತ್ತದ್ದು ಬಹುಮಟ್ಟಿಗೆ ಅಮೋನಿಯಾದಿಂದ. ಮೀನಿನ ಕಿವಿರು, ಹಿಕ್ಕೆ, ತಿನ್ನದೆ ಉಳಿದ ಆಹಾರ ಇವೆಲ್ಲದರಿಂದಲೂ ನೀರಿಗೆ ಅಮೋನಿಯಾ ಸೇರುತ್ತದೆ. ಅದನ್ನು ತಿಂದು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹೊಸ ಫಿಲ್ಟರಿನಲ್ಲಿ ಇರುವುದಿಲ್ಲ. ಈ ಮಾತು ಯಾವ ಊರಿನ ಟ್ಯಾಂಕಿಗೂ ಅನ್ವಯಿಸುತ್ತದೆ. ನಮ್ಮ ಕಡೆ ಇನ್ನೊಂದು ತೊಡಕಿದೆ. ನೀರಿನಲ್ಲಿರುವ ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಭಾಗ ಎಷ್ಟು ಅನ್ನುವುದು ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ಆ ಭಾಗ ನೂರಕ್ಕೆ ಒಂದೂ ಇಲ್ಲ, ಸುಮಾರು 0.5. ಪಿಎಚ್ 8 ಆದರೆ ನೂರಕ್ಕೆ 5ರ ಮೇಲೆ, 8.5 ಆದರೆ 15ರ ಹತ್ತಿರ. ಮೆದು ನೀರಿನ ಊರಿನಲ್ಲಿ ಮೀನು ಹೇಗೋ ತಡೆದುಕೊಳ್ಳುವ ಅವಸರ ಇಲ್ಲಿನ ಬೋರ್ ನೀರಿನ ಹೆಚ್ಚು ಪಿಎಚ್‌ನಲ್ಲಿ ಹತ್ತು ಪಟ್ಟು ವಿಷ. ಜೊತೆಗೆ ನಿಯಾನ್ ಮೆದು ನೀರಿನ ಮೀನು. ಕಡಿಮೆ ಟಿಡಿಎಸ್ ನೀರಿನಿಂದ ತೆಗೆದು ನೇರ 900ಕ್ಕೆ ಬಿಟ್ಟರೆ ಆ ಪೆಟ್ಟೇ ಅದಕ್ಕೆ ಸಾಕು.

ಪಿಎಚ್ ಇಳಿಸುವ ಪುಡಿ ಬೇಡವೇ ಬೇಡ. ಬೋರ್ ನೀರಿನಲ್ಲಿ ಕಾರ್ಬೊನೇಟ್ ಗಡಸುತನ, ಅಂದರೆ ಕೆಎಚ್, ಜಾಸ್ತಿ. ಪುಡಿ ಹಾಕಿದ ದಿನ ಪಿಎಚ್ ಇಳಿಯುತ್ತದೆ, ಮಾರನೇ ದಿನ ಮತ್ತೆ ಏರುತ್ತದೆ. ಆ ಏರಿಳಿತವೇ ಮೀನಿಗೆ ಕಷ್ಟ. ಅಂಥ ಹಲವು ಪುಡಿಗಳಲ್ಲಿ ಫಾಸ್ಫೇಟ್ ಇರುವುದರಿಂದ ಪಾಚಿಗೂ ಅದು ಗೊಬ್ಬರ.

ಬೋರ್ ನೀರನ್ನು ತೆಗೆದ ಕೂಡಲೇ ಅಳೆಯಬೇಡಿ. ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು, ಆದ್ದರಿಂದ ಪಿಎಚ್ ಆಗ 7.2 ತೋರಿಸಿದರೂ ನಂಬುವಂತಿಲ್ಲ. ಬಕೆಟ್ಟಿನಲ್ಲಿ ಹಿಡಿದು ಏರ್ ಸ್ಟೋನ್ (ಏರ್ ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಹಾಕಿ 24 ಗಂಟೆ ಬಿಟ್ಟು ನೋಡಿದರೆ ಅದೇ ನೀರು 8.2 ಆಗಿರಬಹುದು. ಟ್ಯಾಂಕಿನಲ್ಲಿ ನಿಲ್ಲುವುದು ಆ ಎರಡನೇ ಅಂಕಿ. ಟಿಡಿಎಸ್ ಪೆನ್ನೊಂದನ್ನೇ ನಂಬಬೇಡಿ, ಅದು ಸುಣ್ಣ, ಉಪ್ಪು, ನೈಟ್ರೇಟ್ ಎಲ್ಲವನ್ನೂ ಸೇರಿಸಿ ಒಂದೇ ಅಂಕಿ ಹೇಳುತ್ತದೆ. ಅಮೋನಿಯಾ, ನೈಟ್ರೈಟ್, ಕೆಎಚ್ ಮೂರಕ್ಕೂ ಹನಿ ಹಾಕಿ ಬಣ್ಣ ನೋಡುವ ಕಿಟ್ ಕೊಂಡುಕೊಳ್ಳಿ. ಈ ಹವ್ಯಾಸದಲ್ಲಿ ಮೊದಲು ದುಡ್ಡು ಹಾಕಬೇಕಾದ್ದು ಅದಕ್ಕೆ, ಮೀನಿಗಲ್ಲ.

ಪರಿಹಾರ ನಿಮ್ಮ ಊರಿನಲ್ಲೇ ಇದೆ. ಫ್ಲೋರೈಡ್ ಕಾಟಕ್ಕೆಂದು ಹಳ್ಳಿಹಳ್ಳಿಗೂ ಬಂದ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಸಿಗುವ ಫಿಲ್ಟರ್ ನೀರು. ಪೆನ್ನಿನಲ್ಲಿ ಅದನ್ನೂ ಅಳೆಯಿರಿ. 60 ಇದೆ ಎಂದುಕೊಂಡರೆ, ಎರಡು ಪಾಲು ಫಿಲ್ಟರ್ ನೀರಿಗೆ ಒಂದು ಪಾಲು ಬೋರ್ ನೀರು ಬೆರೆಸಿದಾಗ 60, 60, 900 ಕೂಡಿಸಿ ಮೂರರಿಂದ ಭಾಗಿಸಿ, 340 ಬರುತ್ತದೆ. ಗಿಡಕ್ಕೂ ಹೆಚ್ಚಿನ ಮೀನುಗಳಿಗೂ ಅದು ಹಿತವಾದ ನೀರು. ನಿಮ್ಮ ಟ್ಯಾಂಕ್ ಅಂಚಿನವರೆಗೆ 190 ಲೀಟರ್. ಮರಳು, ಮೇಲೆ ಬಿಡುವ ಜಾಗ ಕಳೆದರೆ ನಿಜವಾದ ನೀರು 150 ಲೀಟರ್. ಅಂದರೆ 20 ಲೀಟರಿನ ಐದು ಕ್ಯಾನ್ ಫಿಲ್ಟರ್ ನೀರು, 50 ಲೀಟರ್ ಬೋರ್ ನೀರು. ಪೂರ್ತಿ ಫಿಲ್ಟರ್ ನೀರನ್ನೇ ಹಾಕೋಣ ಅನ್ನಿಸಬಹುದು, ಹಾಕಬೇಡಿ. ಕೆಎಚ್ ಇಲ್ಲದ ನೀರಿನಲ್ಲಿ ಪಿಎಚ್ ಇದ್ದಕ್ಕಿದ್ದಂತೆ ಕುಸಿಯುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ, ಗಿಡಕ್ಕೂ ಬಸವನಹುಳದ ಚಿಪ್ಪಿಗೂ ಸುಣ್ಣ ಸಿಗುವುದಿಲ್ಲ. ಮನೆಗೆ ಹಾಕಿಸುವ ಸಾಫ್ಟ್‌ನರ್ ನೀರೂ ಬೇಡ. ಅದು ಸುಣ್ಣ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ, ಟಿಡಿಎಸ್ ಇಳಿಯುವುದೇ ಇಲ್ಲ.

ತುಮಕೂರು ನಗರದಂತೆ ನಲ್ಲಿ ನೀರು ಬಳಸುವವರಿಗೆ ಚಿಂತೆ ಕ್ಲೋರಿನ್ನಿನದು. ಒಂದು ದಿನ ಗಾಳಿಯಾಡಿಸಿ, ಇಲ್ಲವೇ 100 ಲೀಟರಿಗೆ 1 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹಾಕಿ.

ಈಗ ತಳ. ತುಂಬಿದ ಟ್ಯಾಂಕ್ ಸುಮಾರು 240 ಕೆಜಿ ತೂಗುತ್ತದೆ. ಸ್ಟ್ಯಾಂಡನ್ನು ರಸಮಟ್ಟ ಇಟ್ಟು ನೋಡಿ, ಗಾಜಿನ ಕೆಳಗೆ ಅರ್ಧ ಇಂಚು ಥರ್ಮೊಕೋಲ್ ಹಾಸಿ. ಮರಳಿಗೆ ಎಂ-ಸ್ಯಾಂಡ್ ಬೇಡ, ಅದರ ಪುಡಿ ವಾರಗಟ್ಟಲೆ ನೀರನ್ನು ಬೆಳ್ಳಗಿಡುತ್ತದೆ, ಚೂಪು ಅಂಚು ತಳದ ಮೀನಿನ ಮೀಸೆ ಸವೆಸುತ್ತದೆ. ನೀರು ಶುದ್ಧೀಕರಣದ ಸಾಮಾನು ಮಾರುವವರ ಬಳಿ ಸಿಗುವ ಫಿಲ್ಟರ್ ಮರಳು, 1ರಿಂದ 2 ಮಿಮೀ ಕಾಳಿನದು, 40 ಕೆಜಿ ಸಾಕು. ಮುಂದೆ ಎರಡು ಇಂಚು, ಹಿಂದೆ ಮೂರು ಇಂಚು ಬರುತ್ತದೆ. ಹೊಲದಿಂದ ಕಲ್ಲು ತರುವುದಾದರೆ ಬಿಳಿ ಗಂಟು ಅಂಟಿದ ಕಲ್ಲು ಬಿಡಿ, ಅದು ಸುಣ್ಣಕಲ್ಲು. ಅನುಮಾನ ಬಂದರೆ ಬಚ್ಚಲು ತೊಳೆಯುವ ಆಸಿಡ್ ಒಂದು ಹನಿ ಹಾಕಿ, ಬುಸ್ಸನೆ ನೊರೆ ಬಂದರೆ ಆ ಕಲ್ಲು ಬೇಡ. ಬರದಿದ್ದರೆ ಚೆನ್ನಾಗಿ ತೊಳೆದು ಬಳಸಿ. ಕೋಲಾರದ ಗೆಳೆಯರಿಗೆ ಒಂದು ಮಾತು: ಕೆಜಿಎಫ್ ಸೈನೈಡ್ ದಿಬ್ಬದ ಮಣ್ಣು ನೋಡಲು ನುಣುಪಾಗಿ ಚೆಂದವಾಗಿದ್ದರೂ ಅದು ಚಿನ್ನ ತೆಗೆದ ಅದಿರಿನ ಗಸಿ, ಮನೆಯೊಳಕ್ಕೇ ತರಬೇಡಿ.

ಗಿಡದ ಬೇರಿಗೆ ದುಬಾರಿ ಗುಳಿಗೆ ಬೇಕಿಲ್ಲ, ನಮ್ಮ ಕೆಮ್ಮಣ್ಣಿನಲ್ಲೇ ಕಬ್ಬಿಣ ಇದೆ. ಉಳುಮೆ ಮಾಡದ, ಗೊಬ್ಬರ ಬೀಳದ ಜಾಗದಲ್ಲಿ ಮೇಲಿನ ಒಂದಡಿ ಬಿಟ್ಟು ಕೆಳಗಿನ ಜಿಗುಟು ಮಣ್ಣು ತೆಗೆಯಿರಿ. ಜರಡಿ ಹಿಡಿದು ರಾಗಿಮುದ್ದೆಯ ಹದಕ್ಕೆ ಕಲಸಿ, ಗೋಲಿ ಗಾತ್ರದ ಉಂಡೆ ಕಟ್ಟಿ ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ. ಒಂದಕ್ಕೊಂದು ತಾಗಿಸಿದರೆ ಟಕ್ ಅನ್ನಬೇಕು. ಬೇರಿನ ಪಕ್ಕದಲ್ಲಿ ಬೆರಳಿನಿಂದ ತಳದ ಗಾಜು ಮುಟ್ಟುವವರೆಗೆ ಒತ್ತಿ. ಗಿಡಕ್ಕೆ ಎರಡು, ಮೂರು ತಿಂಗಳಿಗೊಮ್ಮೆ. ಅರ್ಧಕ್ಕೇ ಬಿಟ್ಟರೆ ಗಿಡ ಕಿತ್ತಾಗ ಟ್ಯಾಂಕ್ ಪೂರ್ತಿ ಕೆಂಪಾಗುತ್ತದೆ.

ಗಿಡಗಳಲ್ಲಿ ಗಡಸು ನೀರಿಗೆ ಮೊದಲ ಹೆಸರು ವ್ಯಾಲಿಸ್ನೇರಿಯಾ. ಬೈಕಾರ್ಬೊನೇಟಿನಿಂದಲೇ ಇಂಗಾಲ ತೆಗೆದುಕೊಳ್ಳುವ ಶಕ್ತಿ ಅದಕ್ಕಿದೆ. ಹಿಂದೆ ಸಾಲಾಗಿ ಅದನ್ನು ನೆಡಿ. ನಡುವೆ ಹೈಗ್ರೊಫಿಲಾ, ಅಮೆಜಾನ್ ಸ್ವೋರ್ಡ್, ಮುಂದೆ ಕ್ರಿಪ್ಟೊಕೊರೈನ್. ಅನೂಬಿಯಾಸ್, ಜಾವಾ ಫರ್ನ್ ಗೆಡ್ಡೆಯನ್ನು ಮರಳಿನಲ್ಲಿ ಹೂಳಿದರೆ ಕೊಳೆಯುತ್ತದೆ, ಕಲ್ಲಿಗೆ ದಾರದಿಂದ ಕಟ್ಟಿ. ಇವಕ್ಕೆ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಡಬೇಕಿಲ್ಲ. ನಿಮ್ಮ ಗಿಡ ಕರಗಿದ್ದಕ್ಕೆ ಗಾಬರಿ ಬೇಡ. ನರ್ಸರಿಯಲ್ಲಿ ಎಲೆ ನೀರಿನ ಮೇಲೆ ಬೆಳೆದಿರುತ್ತದೆ, ಮುಳುಗಿಸಿದಾಗ ಹಳೆಯ ಎಲೆ ಹೋಗಿ ಹೊಸ ಎಲೆ ಬರುತ್ತದೆ. ಕ್ರಿಪ್ಟೊಕೊರೈನ್ ಅಂತೂ ಜಾಗ ಬದಲಾದರೇ ಕರಗುತ್ತದೆ. ಬೇರು ಗಟ್ಟಿಯಾಗಿದ್ದರೆ ಕೀಳಬೇಡಿ, ಕೊಳೆತ ಎಲೆ ಮಾತ್ರ ಕತ್ತರಿಸಿ ತೆಗೆಯಿರಿ. ಕೆರೆಯಿಂದ ತಂದ ಗಿಡದಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಹುಳು ಬರುತ್ತದೆ, ಅದು ಮೀನಿನ ಮರಿಗಳನ್ನೇ ತಿನ್ನುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಗುಲಾಬಿ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ತೊಳೆದು ನೆಡಿ.

ಬೆಳಕಿಗೆ ಎರಡಡಿಯ 10 ವಾಟ್ ಬಿಳಿ ಎಲ್‌ಇಡಿ ಪಟ್ಟಿ ಎರಡರಿಂದ ಶುರುಮಾಡಿ, ದಿನಕ್ಕೆ ಆರು ಗಂಟೆ, ಟೈಮರ್ ಹಾಕಿ. ಎರಡು ತಿಂಗಳಾದ ಮೇಲೆ ಮೂರನೆಯದು ಸೇರಿಸಿ ಎಂಟು ಗಂಟೆ ಮಾಡಬಹುದು. ಕಿಟಕಿ ಬಿಸಿಲು ಬೀಳುವ ಕಡೆ ಇಟ್ಟರೆ ಹಸಿರು ನೀರು ಖಚಿತ.

ಗೊಬ್ಬರದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದ್ರಾಕ್ಷಿಗೆ, ಟೊಮೆಟೊಗೆ ಡ್ರಿಪ್‌ನಲ್ಲಿ ಬಿಡುವ ಸಾಮಾನು ನಿಮ್ಮ ಮನೆಯಲ್ಲೇ ಇರುತ್ತದೆ, ಅದರಲ್ಲಿ ಯಾವುದು ಸಲ್ಲುತ್ತದೆ ಎಂದು ಗೊತ್ತಿರಬೇಕು. 19-19-19 ಬೇಡ, ಅದರಲ್ಲಿ ಯೂರಿಯಾ, ಅಮೋನಿಯಂ ಎರಡೂ ಇವೆ. ಡಿಎಪಿ, ಯೂರಿಯಾ ಹತ್ತಿರವೂ ತರಬೇಡಿ. 0-0-50, ಅಂದರೆ ಪೊಟ್ಯಾಸಿಯಂ ಸಲ್ಫೇಟ್, ಸಲ್ಲುತ್ತದೆ. ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂತೆ ತೂತು ಬಿದ್ದು ಸುತ್ತ ಹಳದಿಯಾದರೆ ಪೊಟ್ಯಾಷ್ ಸಾಲದು ಎಂದರ್ಥ. 150 ಲೀಟರಿಗೆ ವಾರಕ್ಕೆ 2 ಗ್ರಾಂ ಕರಗಿಸಿ ಹಾಕಿದರೆ 5 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಚಿಲ್ಲರೆ ಪೊಟ್ಯಾಸಿಯಂ ಸಿಗುತ್ತದೆ. ಹೊಸ ಎಲೆಯೇ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಕಬ್ಬಿಣವನ್ನು ನೀರಿನಲ್ಲಿ ಕರಗಿಸಿ ಹಿಡಿದಿಡುವ ರಾಸಾಯನಿಕಗಳಲ್ಲಿ ಇಡಿಟಿಎ ನಮ್ಮ ಪಿಎಚ್‌ನಲ್ಲಿ ನಿಲ್ಲುವುದಿಲ್ಲ, ಡಿಟಿಪಿಎ ಇರುವ ಕಬ್ಬಿಣ ತನ್ನಿ. 11 ಪರ್ಸೆಂಟಿನದಾದರೆ 5 ಗ್ರಾಂ ಪುಡಿಯನ್ನು ಅರ್ಧ ಲೀಟರ್ ಫಿಲ್ಟರ್ ನೀರಿನಲ್ಲಿ ಕರಗಿಸಿ ಕತ್ತಲಲ್ಲಿಡಿ, ವಾರಕ್ಕೆ ಎರಡು ಸಲ 10 ಮಿಲಿ ಸಾಕು. ಮೊದಲ ತಿಂಗಳು ಯಾವುದೂ ಬೇಡ.

ಇದೇ ಉಸಿರಿನಲ್ಲಿ ಇನ್ನೊಂದು. ಔಷಧಿ ಹೊಡೆಯುವ ಡ್ರಮ್ಮು, ಬಕೆಟ್ಟು, ಪೈಪು ಟ್ಯಾಂಕಿನ ಕೆಲಸಕ್ಕೆ ಎಷ್ಟು ತೊಳೆದರೂ ಬೇಡ. ಮೈಲುತುತ್ತದ ಅಂಶ ಬಸವನಹುಳ, ಸೀಗಡಿಯನ್ನು ಕೊಲ್ಲುತ್ತದೆ, ಪೈರೆಥ್ರಾಯಿಡ್ ಔಷಧಿಗಳು ಅತಿ ಸಣ್ಣ ಪ್ರಮಾಣದಲ್ಲೂ ಮೀನು ಕೊಲ್ಲುತ್ತವೆ. ರೇಷ್ಮೆ ಮನೆಗೆ ಸೋಂಕುನಿವಾರಕ ಹೊಡೆಯುವ ದಿನ ಟ್ಯಾಂಕ್ ಮುಚ್ಚಿ, ಏರ್ ಪಂಪ್ ಆ ಗಾಳಿ ಎಳೆಯದ ಕಡೆ ಇಡಿ.

ಫಿಲ್ಟರ್ ಗಂಟೆಗೆ 700ರಿಂದ 900 ಲೀಟರ್ ತಿರುಗಿಸುವಂಥದ್ದಿರಲಿ. ಕರೆಂಟ್ ಹೋಗುವ ಊರಿನಲ್ಲಿ ಮುಚ್ಚಿದ ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಡುವ ಡಬ್ಬಿ ಫಿಲ್ಟರ್) ಒಂದನ್ನೇ ನಂಬಬಾರದು. ನೀರು ಓಡದಿದ್ದರೆ ಒಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ. ನಾಲ್ಕೈದು ಗಂಟೆಗಿಂತ ಹೆಚ್ಚು ನಿಂತಿದ್ದರೆ ಒಳಗಿನ ಕೆಟ್ಟ ನೀರನ್ನು ಚೆಲ್ಲಿ, ಸ್ಪಂಜು ತೊಳೆದು ಆಮೇಲೆ ಚಾಲೂ ಮಾಡಿ. ಜೊತೆಗೆ ಒಂದು ದೊಡ್ಡ ಸ್ಪಂಜ್ ಫಿಲ್ಟರ್, ಅದರ 5 ವಾಟ್ ಏರ್ ಪಂಪ್ ಯುಪಿಎಸ್ ಲೈನಿಗೆ. ಸ್ಪಂಜನ್ನು ಯಾವತ್ತೂ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಚಳಿಗಾಲದ ರಾತ್ರಿಗೆ 150 ವಾಟ್ ಹೀಟರ್ 25 ಡಿಗ್ರಿಗೆ ಇಡಿ. ನೀರು ಬದಲಿಸುವಾಗ ಅದರ ಸ್ವಿಚ್ ಆರಿಸಲು ಮರೆತರೆ ಹೀಟರಿನ ಗಾಜು ಒಡೆಯಬಹುದು.

ಈಗ ಕಾಯುವ ಕೆಲಸ. ಗಿಡ ನೆಟ್ಟು, ಫಿಲ್ಟರ್ ಓಡಿಸಿ, ಮೀನಿಲ್ಲದೆ ಅಮೋನಿಯಾ ಕೊಡಬೇಕು. ಲ್ಯಾಬ್ ಸಾಮಾನಿನ ಅಂಗಡಿಯ ಶುದ್ಧ ಅಮೋನಿಯಂ ಕ್ಲೋರೈಡ್ 1 ಗ್ರಾಂ ಹಾಕಿದರೆ ನಿಮ್ಮ ಟ್ಯಾಂಕಿಗೆ 2 ಪಿಪಿಎಂ ಆಗುತ್ತದೆ. ಕಲಾಯಿ ಹಾಕುವ ನವಸಾಗರ ಅದೇ ಉಪ್ಪಾದರೂ ಶುದ್ಧವಿರುವುದಿಲ್ಲ, ಬೇಡ. ಅದು ಸಿಗದಿದ್ದರೆ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ. ಎರಡು ದಿನಕ್ಕೊಮ್ಮೆ ಪರೀಕ್ಷೆ ಮಾಡಿ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. ಅಮೋನಿಯಾ ಮುಗಿದಾಗಲೆಲ್ಲ ಇನ್ನೊಂದು ಗ್ರಾಂ ಕೊಡಿ. ಕೊಟ್ಟ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದರೆ ಟ್ಯಾಂಕ್ ಸಿದ್ಧ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹತ್ತಿರದ ಯಾರದಾದರೂ ರೋಗವಿಲ್ಲದ ಹಳೆ ಟ್ಯಾಂಕಿನ ಸ್ಪಂಜಿನ ತುಂಡು ತಂದು ಫಿಲ್ಟರಿಗೆ ಹಾಕಿದರೆ ಬಹಳ ಬೇಗ ಆಗುತ್ತದೆ, ತರುವಾಗ ಒಣಗಬಾರದು ಅಷ್ಟೇ. ಮುಗಿದ ಮೇಲೆ ಅರ್ಧ ನೀರು ಬದಲಿಸಿ ಮೀನು ತನ್ನಿ.

ಮೊದಲು ಆರು ಜೀಬ್ರಾ ಡ್ಯಾನಿಯೊ, ಅವು ಹಾರುತ್ತವೆ, ಮೇಲೆ ಗಾಜು ಮುಚ್ಚಿ. ಎರಡು ವಾರ ಬಿಟ್ಟು ಆರು ಪ್ಲಾಟಿ, ಗಂಡು ಒಂದಕ್ಕೆ ಹೆಣ್ಣು ಎರಡರ ಲೆಕ್ಕದಲ್ಲಿ. ಆಮೇಲೆ ಎಂಟು ಚೆರ್ರಿ ಬಾರ್ಬ್. ಎರಡು ತಿಂಗಳು ಕಳೆದು ತಳಕ್ಕೆ ಆರು ಕೋರಿಡೋರಸ್. ಅಷ್ಟಕ್ಕೇ ನಿಲ್ಲಿಸಿ. ಟೈಗರ್ ಬಾರ್ಬ್ ಬೇರೆ ಮೀನಿನ ರೆಕ್ಕೆ ಕಡಿಯುತ್ತದೆ. ಗಾಜು ಉಜ್ಜುತ್ತದೆ ಎಂದು ಕೊಡುವ ಸಕ್ಕರ್ ಒಂದಡಿ ಮೀರಿ ಬೆಳೆಯುತ್ತದೆ, ಮರಿಯಾಗಿದ್ದಾಗ ಶಾರ್ಕ್ ಎಂದು ಮಾರುವ ಪಂಗಾಸಿಯಸ್ ಅದಕ್ಕಿಂತ ದೊಡ್ಡದು. ದೊಡ್ಡದಾಯಿತು ಎಂದು ಇವನ್ನು ಕೆರೆಗೆ ಬಿಡುವುದು ಕೆರೆಗೆ ಮಾಡುವ ದ್ರೋಹ, ದಯವಿಟ್ಟು ಯಾರೂ ಮಾಡಬೇಡಿ.

ತಂದ ಮೀನನ್ನು ಕವರಿನ ನೀರಿನ ಸಮೇತ ಸಣ್ಣ ಬಕೆಟ್ಟಿಗೆ ಹಾಕಿ. ಏರ್ ಪೈಪಿಗೆ ಒಂದು ಗಂಟು ಹಾಕಿ ಟ್ಯಾಂಕಿನ ನೀರನ್ನು ಸೆಕೆಂಡಿಗೆ ಎರಡು ಮೂರು ಹನಿಯಂತೆ ಇಳಿಬಿಡಿ. ಒಂದು ಗಂಟೆಯ ಮೇಲೆ, ನೀರು ಮೂರು ಪಟ್ಟಾದಾಗ, ಬಲೆಯಲ್ಲಿ ಎತ್ತಿ ಬಿಡಿ. ಕವರಿನ ನೀರು ಟ್ಯಾಂಕಿಗೆ ಹೋಗಬಾರದು. ಅಂದು ಆಹಾರ ಬೇಡ, ಆಮೇಲೆ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು.

ವಾರಕ್ಕೆ 36 ಲೀಟರ್ ಬದಲಿಸಿ, 24 ಫಿಲ್ಟರ್ ನೀರು, 12 ಬೋರ್ ನೀರು. ನಮ್ಮ ಕಡೆ ಎಲ್ಲರೂ ಎಡವುವುದು ಆವಿಯಾದ ನೀರು ತುಂಬಿಸುವಾಗ. ಬೇಸಿಗೆಯಲ್ಲಿ ದಿನಕ್ಕೆ 2 ಲೀಟರ್ ಆವಿಯಾಯಿತು ಅನ್ನಿ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ಗಾಜಿನ ಅಂಚಿನ ಬಿಳಿ ಗೆರೆಯೇ ಅದಕ್ಕೆ ಸಾಕ್ಷಿ. ಆ 14 ಲೀಟರನ್ನು ಬೋರ್ ನೀರಿನಿಂದ ತುಂಬಿಸಿದರೆ ವಾರಕ್ಕೆ 12 ಗ್ರಾಂ ಮೀರಿ ಉಪ್ಪು ಸೇರಿ ಟಿಡಿಎಸ್ 84 ಏರುತ್ತದೆ. ಎರಡು ತಿಂಗಳಲ್ಲಿ ನೀವು ಬೆರೆಸಿದ ಲೆಕ್ಕವೆಲ್ಲ ಹೋಯಿತು. ಆವಿಯಾದದ್ದನ್ನು ಫಿಲ್ಟರ್ ನೀರಿನಿಂದಲೇ ತುಂಬಿಸಿ.

ಮತ್ತೆ ನೀರು ತುಂಬಿಸುವ ಮೊದಲು ಬೋರ್ ನೀರಿನ ಕೆಎಚ್, 24 ಗಂಟೆ ಬಿಟ್ಟ ಮೇಲಿನ ಪಿಎಚ್, ಘಟಕದ ನೀರಿನ ಟಿಡಿಎಸ್ ಮೂರನ್ನೂ ಇಲ್ಲಿ ಹಾಕಿ ಅಣ್ಣ. ಕೆಎಚ್ 20 ಡಿಗ್ರಿಯ (dKH) ಮೇಲಿದ್ದರೆ ಬೋರ್ ನೀರಿನ ಪಾಲು ಕಾಲುಭಾಗಕ್ಕೆ ಇಳಿಸಬೇಕಾಗುತ್ತದೆ.