ಬೆಂಕಿಗೆ ಬೆಂದ ಕಾಡಿನ ಮರಗಳನ್ನು ಕಡಿದು ಮಾರಬಾರದೇಕೆ?

ಕಾಡ್ಗಿಚ್ಚಿನಲ್ಲಿ ಬೆಂದ ಮರಗಳನ್ನು ಕೊಳೆಯಲು ಬಿಡುವ ಬದಲು ಹರಾಜು ಹಾಕಿ, ಆ ಹಣದಲ್ಲಿ ಹೊಸ ಸಸಿ ನೆಡಬಾರದೇಕೆ ಎಂದು ತಾವು ಕೇಳಿದ್ದೀರಿ. ಚಿತ್ರದುರ್ಗದವನಾದ ನಾನು ಜೋಗಿಮಟ್ಟಿಯ ಗುಡ್ಡಗಳಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುವುದನ್ನು ನೋಡುತ್ತಲೇ ಬೆಳೆದವನು. ಕಡಿತವನ್ನು ಸಾರಾಸಗಟಾಗಿ ವಿರೋಧಿಸುವುದಿಲ್ಲ. ಅದನ್ನು ಕಾಡಿನ ಪುನಶ್ಚೇತನವೆಂದು ಕರೆಯುವುದಕ್ಕೆ ಮಾತ್ರ ನನ್ನ ತಕರಾರಿದೆ.

ಮರ ಸತ್ತಿದೆಯೆಂದು ತೀರ್ಮಾನಿಸುವುದು ಯಾವಾಗ ಎಂಬುದೇ ಮೊದಲ ತೊಡಕು. ನಮ್ಮ ಕಡೆಯ ಕುರುಚಲು ಕಾಡುಗಳಲ್ಲಿ ಬೆಂಕಿ ಹೆಚ್ಚಾಗಿ ಒಣಹುಲ್ಲಿನ ಮೇಲೆ ಹರಿದುಹೋಗುತ್ತದೆ. ಏಪ್ರಿಲ್‌ನಲ್ಲಿ ಕರಿಕಲಾಗಿ ನಿಂತ ದಿಂಡಿಗದ ತೊಗಟೆಯನ್ನು ಚಾಕುವಿನ ಮೊನೆಯಿಂದ ತುಸು ಕೆರೆದರೆ ಒಳಪದರ ಹಸಿಯಾಗಿಯೇ ಇರುವುದುಂಟು. ಮೇಲೆಲ್ಲ ಒಣಗಿದ್ದರೂ ಮುಂಗಾರಿನ ಹದಮಳೆ ಬಿದ್ದ ಮೇಲೆ ಬುಡದಿಂದ ಚಿಗುರೊಡೆಯುವುದುಂಟು. ಮಳೆಗೆ ಮೊದಲೇ ಗುರುತು ಹಾಕಿ ಕಡಿದರೆ ಜೀವವಿರುವ ಮರಗಳೂ ಡಿಪೋ ಸೇರುತ್ತವೆ.

ನಾಟಾ ವ್ಯಾಪಾರಕ್ಕಾದರೋ ಕಾಯುವ ವ್ಯವಧಾನವಿಲ್ಲ. ಕೊರಕ ಹುಳು ಬಿದ್ದು, ಸೀಳು ಬಿಟ್ಟು ದಿಮ್ಮಿಯ ಬೆಲೆ ಬೇಗ ಇಳಿಯುತ್ತದೆ, ಹೊಸ ಸಸಿಗಳು ಏಳುವುದೂ ಅದೇ ಅವಧಿಯಲ್ಲಿ. ಅಮೆರಿಕದ ಆರೆಗಾನ್‌ನಲ್ಲಿ 2002ರ ‘ಬಿಸ್ಕಿಟ್’ ಕಾಡ್ಗಿಚ್ಚಿನ ನಂತರ ನಡೆದ ಕಡಿತವನ್ನು ಅಭ್ಯಸಿಸಿ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದೇ ಪುಟದ ವರದಿಯು, ತಾನಾಗಿ ಹುಟ್ಟಿದ್ದ ಶಂಕುಮರಗಳ (ಪೈನ್, ಫರ್‌ನಂಥ ಮರಗಳ) ಸಸಿಗಳು ಶೇ 71ರಷ್ಟು ಕಡಿಮೆಯಾದವೆಂದೂ, ನೆಲದಲ್ಲಿ ಉಳಿದ ರೆಂಬೆ-ಕಡ್ಡಿಗಳಿಂದ ಮತ್ತೆ ಬೆಂಕಿ ಹತ್ತುವ ಅಪಾಯ ಹೆಚ್ಚಿತೆಂದೂ ಹೇಳಿತು. ಅದರ ಮುದ್ರಣವನ್ನು ತಡೆಹಿಡಿಯುವಂತೆ ಆ ಅಧ್ಯಯನ ನಡೆಸಿದವರಿದ್ದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕೆಲವು ಪ್ರಾಧ್ಯಾಪಕರೇ ಪತ್ರಿಕೆಯನ್ನು ಕೋರಿದ್ದರೆಂದರೆ ಜಗಳದ ಕಾವು ತಮಗೆ ಅರ್ಥವಾದೀತು. ಕಡಿತ ತಡವಾದದ್ದೇ ಸಸಿಗಳಿಗೆ ಮುಳುವಾಯಿತೆಂಬ ಎದುರುವಾದವೂ ಪೂರ್ತಿ ಹುರುಳಿಲ್ಲದ್ದಲ್ಲ. ದಿಮ್ಮಿಗಳ ಜೊತೆಗೆ ಕಡ್ಡಿಕಸವನ್ನೂ ತೆಗೆದರೆ ಮುಂದಿನ ಬೆಂಕಿಗೆ ಉರುವಲು ಕಡಿಮೆಯಾಗುವುದು ನಿಜವೇ.

ನಮ್ಮಲ್ಲಿ ಸುಪ್ರೀಂ ಕೋರ್ಟ್ 2000ದ ಫೆಬ್ರುವರಿ 14ರಂದು ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ರೋಗ ಹಿಡಿದ, ಗಾಳಿಗೆ ಉರುಳಿದ ಮರಗಳನ್ನಷ್ಟೇ ಅಲ್ಲ, ಹುಲ್ಲನ್ನೂ ತೆಗೆಯದಂತೆ ತಡೆಯಾಜ್ಞೆ ನೀಡಿತು. ಜೋಗಿಮಟ್ಟಿಯೂ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವೂ ಈಗ ವನ್ಯಧಾಮಗಳಾದ್ದರಿಂದ ಆ ನಿರ್ಬಂಧ ಅಲ್ಲಿಗೂ ಅನ್ವಯಿಸುತ್ತದೆ. ಉಳಿದ ಕಡೆ, ರಸ್ತೆಯ ಮೇಲೋ ವಿದ್ಯುತ್ ತಂತಿಯ ಮೇಲೋ ಬೀಳುವಂತಿರುವ ಮರಗಳನ್ನು ಕೂಡಲೇ ತೆಗೆಯಲಿ. ನೀಲಗಿರಿ ನೆಡುತೋಪು ಬೆಂದಿದ್ದರೆ ಮಾರಲಿ, ಬೆಳೆಸಿದ್ದೇ ಮಾರುವುದಕ್ಕೆ. ಗುಡ್ಡದ ಇಳಿಜಾರಿನಲ್ಲಿ ಮಾತ್ರ ದಿಮ್ಮಿ ಎಳೆಸುವುದು ಬೇಡ, ಏಕೆಂದರೆ ಹುಲ್ಲು ಸುಟ್ಟು ಬೋಳಾದ ಮಣ್ಣು ಆ ಎಳೆದಾಟದಿಂದ ಇನ್ನಷ್ಟು ಸಡಿಲಗೊಂಡು ಮೊದಲ ಜಡಿಮಳೆಗೇ ಕೊಚ್ಚಿಹೋಗುತ್ತದೆ. ಹಣವಿದ್ದರೆ ಸಸಿ ನೆಡುವುದಕ್ಕಿಂತ ಮೊದಲು, ಬುಡದ ಚಿಗುರನ್ನು ಆಡು-ಕುರಿಗಳ ಬಾಯಿಂದ ಕಾಯುವ ಕಾವಲುಗಾರರಿಗೆ ಕೊಡುವುದು ಮೇಲು.