ಬೀಗ ಹಾಕಿದ್ದ ಮನೆ, ಶವರಿನಲ್ಲಿ ಲೋಳೆ

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಎರಡು ತಿಂಗಳು ಮನೆಗೆ ಬೀಗ ಹಾಕಿದ್ದೆವು. ಬಂದು ಶವರ್ ತಿರುಗಿಸಿದರೆ ಕಪ್ಪು ಲೋಳೆ, ಕೆಟ್ಟ ವಾಸನೆ. ಬೋರ್‌ವೆಲ್ ನೀರು, 15 ಲೀಟರ್ ಗೀಸರ್. ಅತ್ತೆಯವರಿಗೆ 74 ವರ್ಷ, ಉಬ್ಬಸವಿದೆ. ಏನು ಮಾಡಬೇಕು?
– ಓದುಗರೊಬ್ಬರು, ತುಮಕೂರು

ಉತ್ತರ: ಶವರ್ ಶುಚಿಯಾಗುವವರೆಗೆ ಅತ್ತೆಯವರು ಬಕೆಟ್ಟು, ಚೊಂಬಿನಲ್ಲೇ ಸ್ನಾನ ಮಾಡಲಿ. ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದವರಿಗೆ ತೀವ್ರ ನ್ಯುಮೋನಿಯಾ ತಂದದ್ದು ಇದೇ. ಶವರಿನ ಸಣ್ಣ ಹನಿಗಳನ್ನು ಉಸಿರಾಡಿದಾಗ ಅದು ಶ್ವಾಸಕೋಶ ಸೇರುತ್ತದೆ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು.

ಮೊದಲು ಓವರ್‌ಹೆಡ್ ಟ್ಯಾಂಕಿನ ಹಳೇ ನೀರು ಖಾಲಿ ಮಾಡಿ, ಗೋಡೆ ಉಜ್ಜಿ ತೊಳೆದು, ಹೊಸ ನೀರು ತುಂಬಿ. ಬಚ್ಚಲಿನ ಕಿಟಕಿ ತೆರೆದು ಶವರ್ ಹೆಡ್ ಬಿಚ್ಚಿ. ಪೈಪಿನ ಬಾಯಿಗೆ ಮೂಲೆ ಕತ್ತರಿಸಿದ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಹನಿ ಸಿಡಿಯುವುದಿಲ್ಲ. ತಣ್ಣೀರನ್ನು ಐದು ನಿಮಿಷ ಹರಿಸಿ.

ನಂತರ ಗೀಸರ್. ನಮ್ಮ ಮನೆಗಳಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲೇ. 2 ಕಿಲೋವ್ಯಾಟ್‌ನ ಗೀಸರನ್ನು ಹತ್ತು ನಿಮಿಷ ಹಾಕಿದರೆ 25 ಡಿಗ್ರಿಯ 15 ಲೀಟರ್ ನೀರು ಸುಮಾರು 44 ಡಿಗ್ರಿಗೆ ಬರುತ್ತದೆ. ಸ್ನಾನಕ್ಕೆ ಅಷ್ಟು ಸಾಕು, ಆದರೆ ಆ ಬಿಸಿಗೆ ಈ ಬ್ಯಾಕ್ಟೀರಿಯಾ ಸಾಯುವುದಿಲ್ಲ. 20ರಿಂದ 45 ಡಿಗ್ರಿಯಲ್ಲೇ ಅದು ಬೆಳೆಯುವುದು. 60 ಡಿಗ್ರಿ ಮುಟ್ಟಲು ಇಪ್ಪತ್ತು ನಿಮಿಷ ಬೇಕು. ಥರ್ಮೋಸ್ಟಾಟನ್ನು 60ಕ್ಕೆ ಇಟ್ಟು, ದೀಪ ಆರುವವರೆಗೆ ಕಾದು, ಬಿಸಿನೀರನ್ನು ಅದೇ ಪೈಪಿನಲ್ಲಿ ಪೂರ್ತಿ ಹರಿಸಿ. ಆ ನೀರಿಗೆ ಕೈಯೊಡ್ಡಬೇಡಿ, ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ.

ಶವರ್ ಹೆಡ್ಡಿನ ರಬ್ಬರ್ ವಾಷರ್ ತೆಗೆದು ನೋಡಿ, ಲೋಳೆ ಗಟ್ಟಿಯಾಗಿ ಕೂತಿರುವುದು ಅದರ ಹಿಂದೆ. ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಪದರವೇ ಅದಕ್ಕೆ ಆಸರೆ, ಹಾಗಾಗಿ ಬರೀ ಸೋಪಿನಿಂದ ಹೋಗದು. ಬಿಳಿ ವಿನೆಗರ್, ನೀರು ಸಮಪಾಲು ಬೆರೆಸಿ ಒಂದು ಗಂಟೆ ನೆನೆಸಿ. ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಮಂಕಾಗುತ್ತದೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಮುಚ್ಚಿದ ತೂತುಗಳನ್ನು ಸೂಜಿಯಿಂದ ಬಿಡಿಸಿ. ವಿನೆಗರ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸಲೇಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಹ್ಯಾಂಡ್ ಶವರಿನ ಹೋಸ್ ಒಳಗೆ ಲೋಳೆಯಾಗಿದ್ದರೆ ಬದಲಾಯಿಸಿ, ತೊಳೆದು ಪ್ರಯೋಜನವಿಲ್ಲ.

ಬಳಸದ ಬಚ್ಚಲಿದ್ದರೆ ವಾರಕ್ಕೊಮ್ಮೆ ಅಲ್ಲಿಯ ನಲ್ಲಿ, ಶವರ್ ಎರಡನ್ನೂ ಕೆಲವು ನಿಮಿಷ ಹರಿಯಬಿಡಿ.

ಮುಂದಿನ ಎರಡು ವಾರದಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ಏದುಸಿರು ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ನಿಂತ ನೀರಿನ ಶವರ್ ಬಳಸಿದ್ದನ್ನು ಹೇಳಿ. ಪೆನಿಸಿಲಿನ್ ಜಾತಿಯ ಔಷಧಗಳು ಈ ಸೋಂಕಿಗೆ ನಾಟುವುದಿಲ್ಲ.