ಹಿತ್ತಲಿನ ಹಾವನ್ನು ಹೊಡೆಯಲೇಬೇಡಿ, ಸತ್ತದ್ದನ್ನು ಮುಟ್ಟಲೂಬೇಡಿ

ಹಿತ್ತಲಿನಲ್ಲಿ ಹಾವು ಕಂಡರೆ ನಾನೇ ಹೊಡೆಯಲೇ, ಹಿಡಿಯುವವರು ಬರುವವರೆಗೆ ಕಾಯಲೇ ಎಂದು ಕೇಳಿದ್ದೀರಿ. ಸೌದೆ ರಾಶಿಯ ಪಕ್ಕ ವೈಪರ್ ಎಂಬ ವಿಷದ ಜಾತಿಯ ಹಾವು ಸುರುಳಿ ಸುತ್ತಿಕೊಂಡಿದ್ದ ಸಂಜೆ ನಾನು ಕಾಯಲಿಲ್ಲ. ಮನೆಯಲ್ಲಿ ಮಕ್ಕಳಿದ್ದರು, ಕತ್ತಲಾಗುತ್ತಿತ್ತು. ಸಲಿಕೆಯ ಏಟಿಗೆ ಹಾವಿನ ತಲೆ ಬೇರೆಯಾಯಿತು.

ಆ ತಲೆ ಮಕ್ಕಳ ಕಾಲಿಗೆ ಸಿಗದಿರಲಿ ಎಂದು ಹೂಳಲು ಹೋದೆ, ಬರಿಗೈಯಲ್ಲಿ ಎತ್ತಿದೆ. ಹೊಡೆದು ಕಾಲು ಗಂಟೆಯಾದರೂ ಕಳೆದಿತ್ತು, ಮುಂಡದ ಹೊರಳಾಟ ನಿಂತಿತ್ತು, ಇನ್ನೇನಿದೆ ಎಂದುಕೊಂಡೆ. ನಾನು ಕೆಟ್ಟದ್ದು ಅಲ್ಲಿಯೇ. ಹಾವು ಶೀತರಕ್ತದ ಪ್ರಾಣಿ, ಅದರ ಅಂಗಾಂಶಗಳಿಗೆ ಬೇಕಾದ ಆಮ್ಲಜನಕ ತೀರಾ ಕಡಿಮೆ. ರಕ್ತ ಹರಿಯುವುದು ನಿಂತ ಮೇಲೂ ತಲೆಯ ನರಗಳು, ದವಡೆಯ ಸ್ನಾಯುಗಳು ಬಹಳ ಹೊತ್ತು ಕೆಲಸ ಮಾಡುತ್ತಲೇ ಇರುತ್ತವೆ. ಏನಾದರೂ ತಾಗಿದರೆ ಬಾಯಿ ತಾನಾಗಿ ಕಚ್ಚುತ್ತದೆ. ವಿಷದ ಗ್ರಂಥಿಗಳಿರುವುದೂ ತಲೆಯಲ್ಲಿ, ಕಣ್ಣುಗಳ ಹಿಂದೆ. ನಾನು ಕತ್ತರಿಸಿ ತೆಗೆದದ್ದು ಯಾರಿಗೂ ಏನೂ ಮಾಡದ ಭಾಗವನ್ನು, ಕೈಗೆತ್ತಿಕೊಂಡದ್ದು ಹಲ್ಲೂ ವಿಷವೂ ಇದ್ದ ಭಾಗವನ್ನು. ಅದು ತೋರುಬೆರಳನ್ನು ಕಚ್ಚಿ ಹಿಡಿಯಿತು.

ನೆರೆಯವರು ಹಗ್ಗ ಬಿಗಿಯಲು ಬಂದರು. ನನ್ನ ಹೆಂಡತಿ ತಡೆದು, ಕೈ ಊದುವ ಮೊದಲೇ ಉಂಗುರ ತೆಗೆದು, ಕೈ ಅಲುಗಾಡದಂತೆ ಪಟ್ಟಿ ಇಟ್ಟು ಆಸ್ಪತ್ರೆಗೆ ಕರೆದೊಯ್ದಳು. ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು ಎಲ್ಲವೂ ಹಾನಿಕರ. ಪ್ರತಿವಿಷ ನನ್ನ ಜೀವ ಉಳಿಸಿತು. ಆದರೆ ವಿಷ ಅಷ್ಟರಲ್ಲಿ ಕೊಂದಿದ್ದ ಮಾಂಸವನ್ನು ಯಾವ ಮದ್ದೂ ಮರಳಿಸುವುದಿಲ್ಲ. ಆ ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಹೊಡೆಯುವುದೋ ಹಿಡಿಸುವುದೋ ಎಂಬ ಎರಡೇ ದಾರಿಗಳನ್ನು ನೀವು ಮುಂದಿಟ್ಟಿದ್ದೀರಿ. ನನಗೆ ಅದೇ ಒಪ್ಪಿಗೆಯಿಲ್ಲ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಳ್ಳಿ, ದೂರ ನಿಂತು ಅದರ ಮೇಲೆ ಕಣ್ಣಿಡಿ, ಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ. ಬಹುಪಾಲು ಹಾವುಗಳು ತಾವೇ ಹೊರಟುಹೋಗುತ್ತವೆ. ಮನೆಯೊಳಗೆ ನುಗ್ಗಿದರೆ, ಇಲ್ಲವೇ ಜಾಗ ಬಿಟ್ಟು ಕದಲದಿದ್ದರೆ, ಹಿಡಿಯಲು ಬಲ್ಲವರನ್ನು ಕರೆಯಿರಿ. ಹಾವು ಬಾರದಿರಲೆಂದು ಪುಡಿ, ಎಣ್ಣೆ ಸುರಿದು ದುಡ್ಡು ಹಾಳುಮಾಡಬೇಡಿ. ಹಾವು ಬರುವುದು ಇಲಿಗಾಗಿ, ಇಲಿ ಬರುವುದು ರಾಶಿಬಿದ್ದ ಸಾಮಾನಿಗಾಗಿ. ಅದನ್ನು ತೆರವು ಮಾಡಿ.

ಚಾರಣದ ದಾರಿಯಲ್ಲೂ ಇದೇ ದೂರ, ಇದೇ ತಾಳ್ಮೆ ಬೇಕು. ಹೆಜ್ಜೆ ಸಪ್ಪಳಕ್ಕೆ ಎಲ್ಲ ಹಾವುಗಳೂ ಸರಿಯುತ್ತವೆ ಎಂದು ನಂಬಬೇಡಿ. ವೈಪರ್‌ಗಳು ತರಗೆಲೆಯ ಬಣ್ಣವನ್ನೇ ನೆಚ್ಚಿ ಮಿಸುಕದೆ ಬಿದ್ದಿರುತ್ತವೆ. ಅಡ್ಡಬಿದ್ದ ಮರ ದಾಟುವಾಗ ನೇರವಾಗಿ ಆಚೆ ಕಾಲಿಡದೆ, ಮೊದಲು ಮರದ ಮೇಲೆ ನಿಂತು ಆಚೆ ಬದಿಯ ನೆಲ ನೋಡಿ ಇಳಿಯಿರಿ.